ಮೊದಲ ಮೆತ್ತಪ್ಪ

ಹೊರಡುವ ಮೊದಲೇ ಭಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ವ್ಯಾನಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ಹಾಕುತ್ತ, ತಲೆ ಎತ್ತದೆ ಹೇಳಿದ.

"ಈ ಸಲ ನೀನು ಒಲೆ ಮುಟ್ಟಬೇಡ. ಅಡುಗೆ ಎಲ್ಲ ನನ್ನ ಹೆಂಡ್ತೀನೇ ಮಾಡ್ತಾಳೆ. ಪುಟ್ಟಿ ಅವಳ ಕೈಲಿ ಉಣ್ಣೋದು ಕಲೀಲಿ. ಉಂಡ್ಲು ಅಂದ್ರೆ ಅಲ್ಲಿಂದ ನೇರ ನಮ್ಮನೆಗೇ ಕರ್ಕೊಂಡು ಹೋಗ್ತೀನಿ. ಉಣ್ಣಲಿಲ್ಲ ಅಂದ್ರೆ ಮಗೂನ ಉಪವಾಸ ಕೆಡವಿ ನಾನೇನು ಸಾಧಿಸ್ಲಿ? ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ."

ಚಿಕ್ಕಮ್ಮ ತಲೆ ಆಡಿಸಿದಳು. ಪುಟ್ಟಿಗೆ ಅವಳು ಚಿಕ್ಕಮ್ಮ, ಆದರೆ ವಯಸ್ಸು ಇನ್ನೂ ಇಪ್ಪತ್ತು ದಾಟಿರಲಿಲ್ಲ. ಅಕ್ಕ ಜ್ವರದಲ್ಲಿ ಹೋದಾಗ ಪುಟ್ಟಿ ಇನ್ನೂ ತೊದಲು ಮಾತಿನ ಕೂಸು. ಭಾವನ ಗ್ಯಾರೇಜು ಬೇರೆ ಊರಲ್ಲಿ. ಮಗುವನ್ನು ಅಕ್ಕನ ತವರಿನಲ್ಲಿ, ಅಜ್ಜಿಯ ಬಳಿ ಬಿಟ್ಟ. ಅಜ್ಜಿಗೆ ಮಂಡಿ ನೋವು, ಕೂತರೆ ಏಳಲಾರಳು. ಇನ್ನು ಉಳಿದವಳು ಇವಳು. ಶಾಲೆಯ ಚೀಲ ಗೋಡೆಯ ಮೊಳೆಗೆ ನೇತುಹಾಕಿದವಳು ಮತ್ತೆ ಅದನ್ನು ಇಳಿಸಲೇ ಇಲ್ಲ. ಬೀದಿಯವರು ಬಾಯಿ ಸುಮ್ಮನಿಡಲಾರದೆ, ಅಕ್ಕನ ಜಾಗಕ್ಕೆ ತಂಗಿಯೇ ಹೋಗುತ್ತಾಳೆ ಬಿಡು ಎಂದು ಲೆಕ್ಕ ಹಾಕಿದ್ದರು. ಭಾವನ ಮೇಲೆ ಅವಳಿಗೆ ಯಾವತ್ತೂ ಆಸೆ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಅವನು ಬೇರೆ ಮದುವೆಯಾದಾಗ ಅವಳೇ ಹೂವು ಕಟ್ಟಿಕೊಟ್ಟಳು. ಆದರೆ ಮಗು ಮಾತ್ರ ತನ್ನದು ಎಂದುಕೊಂಡಿದ್ದಳು. ಹೆತ್ತದ್ದಲ್ಲ, ಸರಿ. ಆದರೂ ಬೆಳಗ್ಗೆ ಎದ್ದ ಕೂಡಲೇ ಕಣ್ಣುಜ್ಜಿಕೊಂಡು ಹುಡುಕಿ ಬರುವುದು ಯಾರನ್ನು?

ವ್ಯಾನು ಒಂದು ಕಾಲದಲ್ಲಿ ಶಾಲೆಯ ಮಕ್ಕಳನ್ನು ಹೊತ್ತು ತಿರುಗಿದ್ದು. ಗುಜರಿಗೆ ಬಿದ್ದಿದ್ದನ್ನು ಭಾವ ತಂದು, ಸೀಟುಗಳನ್ನು ಕಿತ್ತು, ಚಕ್ರದ ಮೇಲೊಂದು ಪುಟ್ಟ ಮನೆ ಮಾಡಿದ್ದ. ಹಗಲು ಬೆಂಚಾಗಿ ರಾತ್ರಿ ಮಂಚವಾಗುವ ಹಲಗೆಗಳು, ಕಾಲಲ್ಲಿ ಒತ್ತಿದರೆ ನೀರು ಬರುವ ಪಂಪು, ತಿರುವಿನಲ್ಲಿ ತಟ್ಟೆಗಳು ತಲೆಯ ಮೇಲೆ ಬೀಳದಂತೆ ಕಪಾಟಿಗೆಲ್ಲ ಚಿಲಕ. ಪರದೆ ಹೊಲಿದವಳು ಅಕ್ಕ. ಒಲೆಗೆ ಎರಡು ಬರ್ನರ್ ಇದ್ದರೂ ಒಂದು ಎಂದೋ ಸತ್ತಿತ್ತು. ಹಾಗಾಗಿ ಆ ವ್ಯಾನಿನಲ್ಲಿ ಎಲ್ಲವೂ ಒಂದಾದ ಮೇಲೆ ಒಂದು. ಬ್ರೆಡ್ಡು ಒಂದೊಂದೇ, ಮೊಟ್ಟೆ ಒಂದೊಂದೇ, ಚಹಾ ಬೇಕಾದವರು ಅನ್ನ ಇಳಿಯುವವರೆಗೆ ಆಕಳಿಸುತ್ತ ಕೂರಬೇಕು. ಮೊಟ್ಟೆ ಒಡೆಯದಿರಲೆಂದು ಒಂದೊಂದನ್ನೂ ಭಾವನ ಹಳೆಯ ಕಾಲುಚೀಲದೊಳಗೆ ಇಳಿಸಿ ಗಂಟು ಹಾಕುವುದು ಚಿಕ್ಕಮ್ಮನ ಉಪಾಯ. ಈ ಸಲವೂ ಕಟ್ಟಿಟ್ಟಳು. ಒಲೆ ಮುಟ್ಟಬೇಡ ಎಂದಿದ್ದ, ಮೊಟ್ಟೆ ಮುಟ್ಟಬೇಡ ಎಂದಿರಲಿಲ್ಲವಲ್ಲ.

ಹೊಸ ಹೆಂಡತಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ದೊಡ್ಡ ದನಿ, ದೊಡ್ಡ ನಗು, ಅಗಲ ತೋಳು. ವ್ಯಾನಿನೊಳಗೆ ಕಾಲಿಟ್ಟವಳೇ ಮೊಣಕೈ ಕಪಾಟಿಗೆ ಬಡಿಸಿಕೊಂಡು, "ಅಯ್ಯೋ ದೇವರೇ, ನಮ್ಮ ಕ್ಯಾಂಟೀನಿನ ಅನ್ನದ ಪಾತ್ರೆ ಇದಕ್ಕಿಂತ ದೊಡ್ಡದು ಕಣ್ರೀ! ಅದಕ್ಕೇ ಚಕ್ರ ಹಾಕ್ಸಿದ್ರೆ ಆಗ್ತಿತ್ತು," ಎಂದಳು. ಭಾವ ನಕ್ಕ. ಬಹಳ ದಿನಗಳ ಮೇಲೆ ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ಚಿಕ್ಕಮ್ಮ ನೋಡಿದಳು.

"ಪುಟ್ಟೀ, ಇವರನ್ನೂ ಚಿಕ್ಕಮ್ಮ ಅನ್ನು," ಎಂದ ಭಾವ.

"ಚಿಕ್ಕಮ್ಮ ಇಲ್ಲಿದ್ದಾಳಲ್ಲ," ಎಂದು ಪುಟ್ಟಿ ಇವಳ ಸೆರಗು ಹಿಡಿದಳು.

"ಬಿಡ್ರೀ, ಬಲವಂತ ಯಾಕೆ? ಕ್ಯಾಂಟೀನಲ್ಲಿ ಎಲ್ಲಾರೂ ನನ್ನ ಕ್ಯಾಂಟೀನಮ್ಮ ಅಂತಾರೆ. ನೀನೂ ಅದನ್ನೇ ಅನ್ನು, ಸಾಲ ಕೇಳ್ದಿದ್ರೆ ಸಾಕು," ಎಂದಳು ಅವಳು. ಪುಟ್ಟಿಗೆ ಆ ಹೆಸರು ಹಿಡಿಸಿತು. ದಾರಿಯುದ್ದಕ್ಕೂ ಬಾಯೊಳಗೇ ಕ್ಯಾಂಟೀನಮ್ಮ, ಕ್ಯಾಂಟೀನಮ್ಮ ಎಂದು ಗುನುಗಿಕೊಂಡಳು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತ ಕೂತಳು.

ಅವರು ನಿಂತದ್ದು ಸರೋವರದ ಪಕ್ಕದ ಮೈದಾನದಲ್ಲಿ. ಇಂಥ ಗಾಡಿಗಳಿಗೆಂದೇ ಬಿಟ್ಟ ಜಾಗ. ಸಾಲಾಗಿ ನಲ್ಲಿ, ಮರದ ಕೆಳಗೆ ಬೆಂಕಿ ಹಾಕಲು ಕಲ್ಲಿನ ಗುಂಡಿ. ಪ್ರತಿ ಬೇಸಿಗೆಯೂ ಬರುತ್ತಿದ್ದದ್ದು ಇಲ್ಲಿಗೇ. ಇಳಿದ ಕೂಡಲೇ ಭಾವ ಎಂದಿನಂತೆ ಬಾನೆಟ್ ಎತ್ತಿ ಅದರೊಳಗೆ ತಲೆ ತೂರಿಸಿದ. ಕ್ಯಾಂಟೀನಮ್ಮ ಸೆರಗು ಸಿಕ್ಕಿಸಿ ಬ್ರೆಡ್ಡನ್ನು ಮೊಟ್ಟೆ ಹಾಲಿನಲ್ಲಿ ಅದ್ದಿ ಕಾವಲಿಗೆ ಹಾಕಿದಳು. ತುಪ್ಪದ ಘಮ ಬಾಗಿಲಾಚೆಗೂ ಹೋಯಿತು. ಮೊದಲ ತುಂಡು ಹೊಂಬಣ್ಣಕ್ಕೆ ತಿರುಗಿತು. ಅದನ್ನು ತಟ್ಟೆಗೆ ಹಾಕಿ, ಮೇಲೆ ಸಕ್ಕರೆ ಉದುರಿಸಿ, ಎರಡು ಕೈಯಲ್ಲೂ ಹಿಡಿದು ತಂದಳು.

"ಮೊದಲನೇದು ನಮ್ಮ ರಾಣಿಗೆ!"

ಪುಟ್ಟಿ ತಟ್ಟೆ ನೋಡಿದಳು. ಬಾಗಿಲ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಚಿಕ್ಕಮ್ಮನ ಮುಖ ನೋಡಿ, ತುಟಿ ಬಿಗಿದು ತಲೆ ಅಲ್ಲಾಡಿಸಿದಳು.

ಚಿಕ್ಕಮ್ಮನಿಗೆ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು.

ಅಕ್ಕ ಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ಭಾವ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಇವರಿಬ್ಬರನ್ನೂ ಹತ್ತಿಸಿಕೊಂಡು ಇಲ್ಲಿಗೆ ಬಂದಿದ್ದ. ಅವಳಿಗೆ ಆಗ ಅಡುಗೆ ಅಷ್ಟಕ್ಕಷ್ಟೆ. ಹಿಟ್ಟು, ಹಾಲು, ಮೊಟ್ಟೆ, ಸಕ್ಕರೆ ಕಲಸಿ ಕಾವಲಿಯ ಮೇಲೆ ದಪ್ಪಗೆ ಹುಯ್ದಿದ್ದಳು. ಹಿಟ್ಟಿನ ಪೊಟ್ಟಣದ ಮೇಲೆ ಅದಕ್ಕೆ ಪ್ಯಾನ್‌ಕೇಕ್ ಎಂದಿತ್ತು. ಪುಟ್ಟಿಯ ಬಾಯಲ್ಲಿ ಅದು ಮೆತ್ತಪ್ಪ ಆಯಿತು. ಮೊದಲನೆಯದು ಮೇಲೆ ಹಸಿ, ಕೆಳಗೆ ಕರಕಲು, ಎಬ್ಬಿಸಲು ಹೋದರೆ ಮೂರು ಚೂರು. ಮಗು, "ಇದು ಯಾರಿಗೆ?" ಎಂದು ಕೇಳಿತು. ಎಸೆಯಲು ಮನಸ್ಸಾಗದೆ, ಅಕ್ಕನ ನೆನಪಾಗಿ, ಅವಳ ಬಾಯಿಂದ, "ಇದು ನಿಮ್ಮಮ್ಮಂಗೆ," ಎಂದು ಹೊರಟುಹೋಯಿತು. ಹಿಡಿ ಮುರಿದ ಮುಚ್ಚಳದ ಮೇಲೆ ಹಾಕಿ ಮೆಟ್ಟಿಲಿನ ಮೇಲಿಟ್ಟಳು. ಹಕ್ಕಿಗಳು ಬಂದು ತಿಂದವು. ಮಗು ಚಪ್ಪಾಳೆ ತಟ್ಟಿತು.

ಅಂದಿನಿಂದ ಅದು ವ್ಯಾನಿನ ಕಟ್ಟಳೆಯಾಯಿತು. ಒಲೆಯಿಂದ ಮೊದಲು ಇಳಿದದ್ದು ಅಮ್ಮನಿಗೆ. ಮೊದಲ ಮೊಟ್ಟೆ, ಅನ್ನದ ಮೊದಲ ಸಟ್ಟುಗ, ಕೆಂಡದಲ್ಲಿ ಸುಟ್ಟ ಬಾಳೆಹಣ್ಣಿನ ಮೊದಲ ಚೂರು. ಅಮ್ಮನದನ್ನು ಇಡದೆ ಪುಟ್ಟಿ ಬಾಯಿಗೆ ಹಾಕುತ್ತಿರಲಿಲ್ಲ. ಮನೆಯಲ್ಲಿ ಈ ಸಂಗತಿಯೇ ಇಲ್ಲ, ಅಲ್ಲಿ ಅಡುಗೆ ಅಜ್ಜಿಯದು. ಅಮ್ಮ ಬರುವುದು ವ್ಯಾನಿಗೆ ಮಾತ್ರ ಎಂದು ಮಗುವಿನ ನಂಬಿಕೆ. "ಅಪ್ಪಂಗೆ ಹೇಳ್ಬೇಡ, ಅಪ್ಪ ಅಳ್ತಾರೆ," ಎಂದು ಹೇಳಿಕೊಟ್ಟವಳೂ ಚಿಕ್ಕಮ್ಮನೇ. ಆಗ ಯಾರಾದರೂ ಅಕ್ಕನ ಹೆಸರೆತ್ತಿದರೆ ಸಾಕು, ಅವನು ಎದ್ದು ಹೋಗಿ ಚಕ್ರದ ಮರೆಯಲ್ಲಿ ಕೂರುತ್ತಿದ್ದ. ಮುಚ್ಚಳದ ಮೇಲಿನ ತುಂಡು ನೋಡಿ, ಹಕ್ಕಿಗಿರಬೇಕು ಎಂದುಕೊಂಡ. ಮಗು ಮೂರು ಬೇಸಿಗೆ ಗುಟ್ಟು ಬಿಟ್ಟುಕೊಡಲಿಲ್ಲ. ಈಗಲೂ ಬಿಟ್ಟುಕೊಡುತ್ತಿರಲಿಲ್ಲ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಚಿಕ್ಕಮ್ಮ ಹೇಳಲಿಲ್ಲ. ಹೇಳಿದರೆ ಮಗು ಉಣ್ಣುತ್ತದೆ. ಉಂಡರೆ ಹೋಗುತ್ತದೆ. ಅವಳು ಬೆಂಚಿನ ಮೂಲೆಗೆ ಸರಿದು, ಪರದೆಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತಳು. ಮಾತು ಕಡಿಮೆಯವಳು ಎಂದು ಎಲ್ಲರಿಗೂ ಗೊತ್ತಿದ್ದದ್ದೇ. ಅವಳ ಮೌನದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ಪ್ರಯಾಣದ ಸುಸ್ತು," ಎಂದಳು ಕ್ಯಾಂಟೀನಮ್ಮ. ರಾತ್ರಿ ಪುಟ್ಟಿ ಒಂದು ಲೋಟ ಹಾಲು ಕುಡಿದು ಮಲಗಿದಳು.

ಮರುದಿನ ಬೆಳಗ್ಗೆ, "ಏನು ಮಾಡ್ಲಿ ಹೇಳು ರಾಣಿ," ಎಂದು ಕೇಳಿದ್ದಕ್ಕೆ ಪುಟ್ಟಿ ಆಸೆ ತಡೆಯಲಾರದೆ, "ಮೆತ್ತಪ್ಪ," ಎಂದಳು. ಮೆತ್ತಪ್ಪವೆಂದರೇನೆಂದು ಭಾವ ವಿವರಿಸಿದ. ಕ್ಯಾಂಟೀನಮ್ಮನ ಕೈ ಪಳಗಿದ ಕೈ. ಕಾವಲಿಯನ್ನು ಉಪ್ಪು ಹಾಕಿ ಉಜ್ಜಿ, ನೀರು ಚಿಮುಕಿಸಿ ಕಾವು ನೋಡಿ, ಆಮೇಲಷ್ಟೇ ಹಿಟ್ಟು ಹುಯ್ದಳು. ಮೊದಲನೆಯದೇ ಹುಣ್ಣಿಮೆ ಚಂದ್ರನಂತೆ ಗುಂಡಗೆ ಎದ್ದು ಬಂತು. ಅದನ್ನೇ ತಂದು ಮಗುವಿನ ಮುಂದಿಟ್ಟಳು.

ಪುಟ್ಟಿಯ ಬಾಯಲ್ಲಿ ನೀರು. ಕಣ್ಣಲ್ಲೂ ನೀರು. ಬಾಯಿ ಮಾತ್ರ ತೆರೆಯಲಿಲ್ಲ.

"ಏನೇ ಇದು ಹಟ!" ಎಂದು ಭಾವ ಗದರಿದ. "ಕೇಳಿದ್ದನ್ನೇ ಮಾಡಿಕೊಟ್ಟಿದ್ದಾರೆ. ತಿನ್ನು."

"ಬೇಡ."

"ಯಾಕೆ ಬೇಡ?"

ಮಗು ಚಿಕ್ಕಮ್ಮನ ಕಡೆ ತಿರುಗಿತು. ಚಿಕ್ಕಮ್ಮ ತನ್ನ ತಟ್ಟೆಯ ಕಡೆ ನೋಡಿದಳು.

"ಬೈಬೇಡ್ರೀ, ಮಗು ಅದು," ಎಂದಳು ಕ್ಯಾಂಟೀನಮ್ಮ. "ನೂರಾರು ಗಂಡಸ್ರು ನನ್ನ ಅಡುಗೆ ಉಂಡು ತೇಗ್ತಾರೆ. ಈ ಒಂದು ಗುಬ್ಬಚ್ಚಿ ಮುಂದೆ ಸೋತೆ ನೋಡಿ." ನಗುತ್ತಲೇ ಹೇಳಿದಳು. ಆದರೆ ಒಲೆಯ ಕಡೆ ತಿರುಗಿದ ಮೇಲೆ ಖಾಲಿ ಕಾವಲಿಯನ್ನೇ ಮಗುಚುವ ಸಟ್ಟುಗದಲ್ಲಿ ಕೆರೆಯುತ್ತಿದ್ದದ್ದನ್ನು ಚಿಕ್ಕಮ್ಮ ಕಂಡಳು. ಕಾವಲಿಯ ಅಂಚು ಮಣಿಕಟ್ಟಿಗೆ ತಗುಲಿ ಚುರ್ ಎಂದರೂ ಅವಳು ಕೂಗಲಿಲ್ಲ.

ಮಧ್ಯಾಹ್ನ ಅನ್ನ, ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ. ಮೊದಲ ಸಟ್ಟುಗ ಪುಟ್ಟಿಗೇ. ಮತ್ತೆ ಅದೇ ಬಿಗಿದ ತುಟಿ. ಭಾವ ತಟ್ಟೆ ಸರಿಸಿ ಎದ್ದುಹೋದ. ಸರೋವರದ ದಡದಲ್ಲಿ ಕಲ್ಲೆಸೆಯುತ್ತ ನಿಂತವನ ಬೆನ್ನು ನೋಡಿದರೇ ತಿಳಿಯುತ್ತಿತ್ತು, ಅವನು ಸೋಲೊಪ್ಪಿಕೊಳ್ಳುತ್ತಿದ್ದಾನೆ. ಚಿಕ್ಕಮ್ಮನ ಎದೆಯಲ್ಲಿ ಒಂದು ಸಂತೋಷ ಹುಟ್ಟಿತು. ಕದ್ದ ಹಣ್ಣು ಬಾಯಲ್ಲಿಟ್ಟುಕೊಂಡಂಥ ಸಂತೋಷ, ಜಗಿಯಲೂ ಆಗದು, ಉಗಿಯಲೂ ಆಗದು.

ಸಂಜೆ ಪುಟ್ಟಿ ಬಂದು ಮೊಣಕಾಲಿಗೆ ಮುಖ ಒರಗಿಸಿ, "ಚಿಕ್ಕಮ್ಮಾ, ಹಸಿವು," ಎಂದಳು. ಅಷ್ಟೇ. ಚಿಕ್ಕಮ್ಮ ಬ್ರೆಡ್ಡಿನ ಎರಡು ತುಂಡು, ಒಂದು ಹಿಡಿ ಸಕ್ಕರೆ ಸೆರಗಿನೊಳಗೆ ಮುಚ್ಚಿಕೊಂಡು ಮಗುವನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದಳು. ಮೊದಲ ಚೂರು ಮುರಿದು ಹುಲ್ಲಿನ ಮೇಲಿಟ್ಟಳು. ಪುಟ್ಟಿ ಅದರ ಮೇಲೆ ಸಕ್ಕರೆ ಉದುರಿಸಿ, "ಅಮ್ಮಾ, ನಿನ್ನೆಯಿಂದ ನಿಂಗೂ ಹಸಿವಾಗಿತ್ತಾ?" ಎಂದು ಹುಲ್ಲಿಗೆ ಕೇಳಿದಳು. ಆಮೇಲೆ ಉಳಿದದ್ದನ್ನು ಎರಡೂ ಕೈಯಲ್ಲಿ ತುರುಕಿಕೊಂಡು ತಿಂದಳು. ಒಣ ಬ್ರೆಡ್ಡು ಗಂಟಲಿಗೆ ಹಿಡಿದು ಕೆಮ್ಮಿದಳು. ಬೆನ್ನು ತಟ್ಟುತ್ತಿದ್ದ ಚಿಕ್ಕಮ್ಮನಿಗೆ ಮಗುವಿನ ಬೆನ್ನ ಮೂಳೆಗಳು ಕೈಗೆ ಸಿಕ್ಕವು.

ತಲೆ ಎತ್ತಿದರೆ ಕೊಡ ಹಿಡಿದು ಕ್ಯಾಂಟೀನಮ್ಮ ನಿಂತಿದ್ದಳು. ನಲ್ಲಿಯಿಂದ ಬರುವ ದಾರಿ ಅದೇ.

ಚಿಕ್ಕಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಬೈಗುಳ ಬರುತ್ತದೆ, ಭಾವನನ್ನು ಕೂಗುತ್ತಾಳೆ ಎಂದು ಕಾದಳು. ಕ್ಯಾಂಟೀನಮ್ಮ ಕೊಡದಲ್ಲಿದ್ದ ನೀರನ್ನು ಬೊಗಸೆಗೆ ಸುರಿದು ಪುಟ್ಟಿಯ ಬಾಯಿಗೆ ಹಿಡಿದಳು. ಪುಟ್ಟಿ ಕುಡಿದಳು.

"ತಿಂದ್ಲಲ್ಲ, ಸಾಕು ಬಿಡು," ಎಂದಳು ಮೆಲ್ಲಗೆ. ಅವಳಿಗೆ ಅಷ್ಟು ಸಣ್ಣ ದನಿ ಇದೆಯೆಂದೇ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. "ನಿಮ್ಮ ಭಾವಂಗೆ ಹೇಳೋಕೆ ಹೋಗ್ಬೇಡ. ನಿನ್ನ ಮೇಲೆ ರೇಗ್ತಾರೆ. ಮಗು ನಿನ್ನ ಕೈಗೆ ಹೊಂದ್ಕೊಂಡಿದೆ, ಕಿತ್ಕೊಂಡ್ರೆ ಬರುತ್ತಾ? ನಾಳೆ ನಾನೇ ಹೇಳ್ತೀನಿ, ಇನ್ನೊಂದು ವರ್ಷ ಅಲ್ಲೇ ಇರ್ಲಿ ಅಂತ." ಪುಟ್ಟಿಯ ಒದ್ದೆ ಗಲ್ಲ ಒರೆಸುತ್ತ ಸೇರಿಸಿದಳು. "ನಾನು ತೊಟ್ಟಿಲು ಕೂಡ ತಂದಿಟ್ಟಿದ್ದವಳು ಕಣೇ, ಮೊದಲನೇ ಗಂಡನ ಮನೇಲಿ. ತುಂಬಲೇ ಇಲ್ಲ. ಅದಕ್ಕೇ ಸ್ವಲ್ಪ ಆತುರ ಬಿದ್ದೆ."

ಕೊಡ ಸೊಂಟಕ್ಕೇರಿಸಿ ಹೊರಟುಹೋದಳು.

ಗೆದ್ದಿದ್ದಳು ಚಿಕ್ಕಮ್ಮ. ಅವಳು ಬೇಡಿದ ಮಾತು ಬೇಡದೆಯೇ ಮಡಿಲಿಗೆ ಬಿದ್ದಿತ್ತು. ಆದರೂ ರಾತ್ರಿ ಬೆಂಚಿನ ಮೇಲೆ ಪುಟ್ಟಿಯನ್ನು ತಬ್ಬಿ ಮಲಗಿದರೆ, ಹುಲ್ಲಿನೊಡನೆ ಮಗು ಆಡಿದ ಮಾತೇ ಕಿವಿಯಲ್ಲಿ. ಎರಡು ದಿನ ಮಗು ಹಸಿದದ್ದು ಕ್ಯಾಂಟೀನಮ್ಮನ ಕೈಯಿಂದಲ್ಲ. ತನ್ನ ಮುಚ್ಚಿದ ಬಾಯಿಂದ.

ಬೆಳಗ್ಗೆ ಭಾವ ಸೋಪು ಟವೆಲ್ಲು ಹಿಡಿದು ನಲ್ಲಿಯ ಕಡೆ ಹೋದ. ಪುಟ್ಟಿ ಇನ್ನೂ ಮುಸುಕಿನೊಳಗೆ. ಕ್ಯಾಂಟೀನಮ್ಮ ಹಿಟ್ಟು ಕದಡುತ್ತಿದ್ದಳು. ಚಿಕ್ಕಮ್ಮ ಒಲೆಯ ಪಕ್ಕ ಹೋಗಿ ನಿಂತಳು. ಈ ಎರಡು ದಿನ ಅವಳನ್ನು ಏನೆಂದೂ ಕರೆದಿರಲಿಲ್ಲ.

"ಅಕ್ಕಾ," ಎಂದಳು. "ಮೊದಲನೇದು ಪುಟ್ಟಿಗೆ ಕೊಡ್ಬೇಡಿ."

ಆಮೇಲೆ ಹೇಳಿದಳು. ಎಂದೂ ಒಟ್ಟಿಗೆ ಅಷ್ಟು ಮಾತಾಡಿದವಳಲ್ಲ. ತಡವರಿಸುತ್ತ, ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಮಾಡಿ, ಹೇಗೋ ಕೊನೆ ಮುಟ್ಟಿಸಿದಳು. "ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ," ಎಂಬುದನ್ನೂ ಬಿಡಲಿಲ್ಲ.

ಕ್ಯಾಂಟೀನಮ್ಮ ಹಿಟ್ಟಿನೊಳಗೆ ಸಟ್ಟುಗ ಬಿಟ್ಟು ಬಾಗಿಲಾಚೆ ನೋಡಿದಳು. ಮುಖದ ಮೇಲೆ ಏನೋ ಬಂದು ಹೋಯಿತು. ಸತ್ತವಳಿಗೆ ಬಡಿಸಬೇಕಾದ ಮನೆಗೆ ತಾನು ಬಂದೆನೆಂಬ ನೋವೋ, ಬೇರೆ ಏನೋ. ಕೊನೆಗೆ ಕೇಳಿದಳು.

"ನಿಮ್ಮಕ್ಕಂಗೆ ಹೇಗಿದ್ರೆ ಇಷ್ಟ? ಮೆತ್ತಗೋ, ಅಂಚು ಗರಿಗರೀನೋ?"

ಚಿಕ್ಕಮ್ಮ ಮೂರು ಬೇಸಿಗೆ ಅಕ್ಕನಿಗೆ ಬಡಿಸಿದ್ದಳು, ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಬಹಳ ಯೋಚಿಸಿ, "ಗರಿಗರಿ," ಎಂದಳು. ಅಕ್ಕ ಅನ್ನದ ತಳದ ಸೀಕು ಕೆರೆದು ತಿನ್ನುತ್ತಿದ್ದದ್ದು ನೆನಪಾಗಿತ್ತು.

ಪುಟ್ಟಿಯನ್ನು ಎಬ್ಬಿಸಿ ಮುಖ ತೊಳೆಸಿ ಕೂರಿಸಿದರು. ಕ್ಯಾಂಟೀನಮ್ಮ ಕಾವಲಿಯ ಸುತ್ತ ಇನ್ನೊಂದು ಚಮಚ ತುಪ್ಪ ಬಿಟ್ಟು, ಅಂಚು ಕೆಂಪಾಗುವವರೆಗೆ ಕಾದು, ಮೊದಲ ಮೆತ್ತಪ್ಪವನ್ನು ಎತ್ತಿದಳು. ತಟ್ಟೆಗೆ ಹಾಕಲಿಲ್ಲ. ಕಪಾಟಿನ ತಳದಿಂದ ಹಿಡಿ ಮುರಿದ ಮುಚ್ಚಳ ಹುಡುಕಿ ತೆಗೆದು, ತೊಳೆದು, ಒರೆಸಿ, ಅದರ ಮೇಲಿಟ್ಟು, ಸಕ್ಕರೆ ಉದುರಿಸಿ ಪುಟ್ಟಿಯ ಕೈಗೆ ಕೊಟ್ಟಳು.

"ಹೋಗು ರಾಣಿ. ಅಮ್ಮಂಗೆ ಇಟ್ಟು ಬಾ. ಬಿಸಿ ಇದೆ, ಹುಷಾರು."

ಪುಟ್ಟಿ ಬಾಯಿ ತೆರೆದು ನೋಡಿದಳು. ಚಿಕ್ಕಮ್ಮ ತಲೆಯಾಡಿಸಿದ ಮೇಲೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಮೆಟ್ಟಿಲಿಗೆ ಹೋಗಿ, ಮುಚ್ಚಳ ಇಳಿಸಿ, ಅದರ ಮುಂದೆಯೇ ಕುಕ್ಕರಿಸಿ ಕೂತಳು. ಆಮೇಲೆ ಅಚ್ಚರಿಯಿಂದ ಕೂಗಿದಳು.

"ಚಿಕ್ಕಮ್ಮಾ! ಈ ಸಲ ಅಮ್ಮಂದು ಸುಟ್ಟಿಲ್ಲ ನೋಡು! ಅಮ್ಮಂಗೆ ಚೆನ್ನಾಗಿರೋದು ಸಿಕ್ತು!"

ಚಿಕ್ಕಮ್ಮ ಮುಚ್ಚಳದ ಕಡೆ ನೋಡಿದಳು. ಕೆಟ್ಟದ್ದು, ಕರಕಲು, ಹಸಿ, ಚೂರು. ಎಷ್ಟು ಪ್ರೀತಿಯಿಂದ ಇಟ್ಟಿದ್ದಳು! ಆದರೂ ಇಟ್ಟ ಮೆತ್ತಪ್ಪವೆಲ್ಲ ಎಸೆಯಬೇಕಾದದ್ದೇ. ಮಗು ಅದನ್ನು ನೋಡಿಕೊಂಡೇ ಬಂದಿತ್ತು, ಹೇಳಿರಲಿಲ್ಲ ಅಷ್ಟೇ.

ಪುಟ್ಟಿ ಓಡಿಬಂದು ತಟ್ಟೆಯ ಮುಂದೆ ಕೂತು ಬಾಯಿ ತೆರೆದಳು. ಕ್ಯಾಂಟೀನಮ್ಮ ಊದಿ ಊದಿ ತುತ್ತು ಕೊಟ್ಟಳು. ಒಂದು ಮುಗಿಯಿತು, ಎರಡನೆಯದೂ ಮುಗಿದು ಮೂರನೆಯದು ಬಂತು. ಬಾಯಲ್ಲಿ ತುಂಬಿಕೊಂಡೇ ಪುಟ್ಟಿ ಅವಳನ್ನು ಹತ್ತಿರ ಎಳೆದು ಕಿವಿಯಲ್ಲಿ, "ಅಪ್ಪಂಗೆ ಹೇಳ್ಬೇಡಿ, ಅಳ್ತಾರೆ," ಎಂದಳು. ಪಿಸುಮಾತು ವ್ಯಾನಿಗೆಲ್ಲ ಕೇಳಿಸಿತು.

"ಹೇಳಲ್ಲ. ಆಣೆ," ಎಂದಳು ಕ್ಯಾಂಟೀನಮ್ಮ.

ಮುಖದ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಭಾವ ಬಾಗಿಲಲ್ಲಿ ನಿಂತಿದ್ದ. "ಏನು ಮಂತ್ರ ಹಾಕಿದ್ರಿ?"

"ಮಂತ್ರಾನೂ ಇಲ್ಲ ಮಣ್ಣೂ ಇಲ್ಲ. ತುಪ್ಪ ಒಂದು ಚಮಚ ಜಾಸ್ತಿ," ಎಂದಳು ಅವನ ಹೆಂಡತಿ. "ಮೊದಲು ಮುಖ ತೊಳ್ಕೊಂಡು ಬನ್ನಿ, ಮಗು ಹೆದರ್ಕೊಳ್ಳುತ್ತೆ."

ಆ ದಿನವಿಡೀ ಪುಟ್ಟಿ ತಿಂದಳು. ಮಧ್ಯಾಹ್ನ ಮೊಟ್ಟೆ ಅನ್ನ, ಸಂಜೆ ಕೆಂಡದಲ್ಲಿ ಸುಟ್ಟ ಬಾಳೆಹಣ್ಣು. ಪ್ರತಿ ಸಲ ಮೊದಲ ಪಾಲನ್ನು ಹಿಡಿದುಕೊಂಡು ಹೋದದ್ದು ಕ್ಯಾಂಟೀನಮ್ಮನ ಬೆರಳು ಹಿಡಿದು. ಇನ್ನೊಂದು ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ವಾಪಸು ಬರುವಾಗ ವ್ಯಾನು ಅಜ್ಜಿಯ ಬೀದಿಯ ತುದಿಯಲ್ಲಿ ನಿಂತಿತು. ಬೀದಿ ಕಿರಿದು, ಒಳಗೆ ಹೋದರೆ ತಿರುಗಿಸಲಾಗದು. ಪುಟ್ಟಿ ಕ್ಯಾಂಟೀನಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಎಬ್ಬಿಸ್ಲಾ?" ಎಂದು ಕ್ಯಾಂಟೀನಮ್ಮ ಕಣ್ಣಲ್ಲೇ ಕೇಳಿದಳು. ಚಿಕ್ಕಮ್ಮ ಬೇಡವೆಂದು ಕೈ ಮಾಡಿದಳು. ಎದ್ದರೆ ಅಳುತ್ತಾಳೆ ಎಂಬ ಭಯ. ಅಳದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದು.

"ಭಾನುವಾರ ಬಾ," ಎಂದ ಭಾವ. "ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಬರ್ತೀನಿ ಭಾವ."

ವ್ಯಾನು ತಿರುವು ದಾಟುವವರೆಗೆ ನಿಂತಿದ್ದು ಅವಳು ಮನೆಯೊಳಗೆ ಬಂದಳು. ಅಜ್ಜಿ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮಗು ಎಲ್ಲೇ?"

"ಹೋದ್ಲಮ್ಮ."

"ಉಂಡ್ಲಾ?"

"ಉಂಡ್ಲು."

"ಅವಳ ಕೈಲಾ?"

"ಹೂಂ."

ಮೊರದಲ್ಲಿ ಬೆರಳಾಡುವ ಸದ್ದು ನಿಂತಿತು. "ಮೊಂಡು ಮುಂಡೇದು," ಎಂದಳು ತಾಯಿ. "ಒಂದು ತುತ್ತು ತಿನ್ನೋಕೆ ನಮ್ಮನ್ನ ಎಷ್ಟು ಕುಣಿಸ್ತಿತ್ತು. ಹೊಟ್ಟೆ ತುಂಬ ಉಂಡ್ಲೇನೇ?"

"ಮೂರು ಮೆತ್ತಪ್ಪ ತಿಂದ್ಲು," ಎಂದಳು ಮಗಳು. ಸರಿಯಾಗಿ ಹೇಳಬೇಕೆಂದು ತೋರಿ, ಗೋಡೆಗೆ ಒರಗಿಕೊಂಡು ಹೇಳಿದಳು. "ತಿಂದು ಆದ್ಮೇಲೆ ಇನ್ನೊಂದು ಕೊಡಿ ಅಂದ್ಲು. ಅವಳಾಗೇ ಕೇಳಿದ್ಲಮ್ಮ. ನನ್ನ ಹತ್ರ ಯಾವತ್ತೂ ಕೇಳಿರಲಿಲ್ಲ."

ತಾಯಿ ಮೊರ ಪಕ್ಕಕ್ಕಿಟ್ಟು, ನೆಲಕ್ಕೆ ಕೈಯೂರಿ, ಮಂಡಿಯ ನೋವಿಗೆ ಮುಖ ಕಿವುಚುತ್ತ ಎದ್ದು ಮಗಳ ಬಳಿಗೆ ಬಂದಳು.